ಅಂತರ್ಜಾಲದ ಸುಂಕದಕಟ್ಟೆ

‘ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಹಿಂದಿನ ಸುಂಕದವನಿಗೆ ಕಿವಿಯಾದರೂ ಇದ್ದಿತು. ಈಗ ಅವನ ಸ್ಥಾನದಲ್ಲಿ ಅಂತರ್ಜಾಲದ ಪುಟವೊಂದು ಕುಳಿತಿದೆ. 2017ನೆಯ ಇಸವಿ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ, ಎಂದರೆ ಜನರ ಬಾಯಲ್ಲಿನ ಜಿ.ಎಸ್.ಟಿ., ಜಾರಿಗೆ ಬಂದಂದಿನಿಂದ ನೋಂದಣಿ, ಲೆಕ್ಕದ ಸಲ್ಲಿಕೆ, ಹಣಸಂದಾಯ ಇವೆಲ್ಲವೂ ಬಹುಮಟ್ಟಿಗೆ ಈ ಪುಟದ ಮೂಲಕವೇ ನಡೆಯುತ್ತಿವೆ. ನಮ್ಮ ವರ್ತಕರು ಇದನ್ನು ಮನಸಾರೆ ಅಂಗೀಕರಿಸುವುದಕ್ಕೂ, ಇದರಿಂದ ಹಿಂಜರಿಯುವುದಕ್ಕೂ ಕಾರಣಗಳೇನೆಂದು ಗೃಹಸ್ಥರಾದ ನಾವೂ ವಿಚಾರಿಸುವುದು ಯುಕ್ತ. ಏಕೆಂದರೆ ತೆರಿಗೆಯ ಭಾರವು ಕಟ್ಟಕಡೆಗೆ ಬಂದಿಳಿಯುವುದು ನಮ್ಮ ಮನೆಯ ಜಗುಲಿಯ ಮೇಲೆಯೇ.

ಮೊದಲನೆಯ ಕಾರಣ ದಂಡಭಯ. ಗಡುವಿನೊಳಗೆ ಲೆಕ್ಕವನ್ನೊಪ್ಪಿಸದವನಿಗೆ ದಿನವೊಂದಕ್ಕೆ ಇಷ್ಟೆಂದು ವಿಳಂಬಶುಲ್ಕ ಏರುತ್ತ ಹೋಗುವುದು. ಆದರೆ ಬೆತ್ತಕ್ಕೆ ಅಂಜಿ ಒಪ್ಪಿಸಿದ ಪಾಠವು ನಾಲಗೆಗೆ ಬಂದೀತೇ ಹೊರತು ಮನಸ್ಸಿಗೆ ಹತ್ತದೆಂಬುದನ್ನು ಉಪಾಧ್ಯಾಯರಾದವರೆಲ್ಲರೂ ಬಲ್ಲರು.

ಎರಡನೆಯದು ಲಾಭ; ಇದು ಭಯಕ್ಕಿಂತ ಬಲವತ್ತರ. ವರ್ತಕನು ಸರಕನ್ನು ಕೊಳ್ಳುವಾಗ ತೆತ್ತ ತೆರಿಗೆಯನ್ನು, ಮಾರಿದಾಗ ಸರಕಾರಕ್ಕೆ ಕಟ್ಟಬೇಕಾದ ತೆರಿಗೆಯಲ್ಲಿ ವಜಾ ಮಾಡಿಕೊಳ್ಳಬಹುದು. ಆದರೆ 2022ನೆಯ ಜನವರಿಯಿಂದ, ಸರಕು ಕೊಟ್ಟವನು ಆ ಬಿಲ್ಲನ್ನು ತನ್ನ ಲೆಕ್ಕದಲ್ಲಿ ಕಾಣಿಸಿದ್ದರೆ ಮಾತ್ರ ಕೊಂಡವನಿಗೆ ಈ ವಜಾ ದೊರೆಯುತ್ತದೆ. ಆದಕಾರಣ ಬಟ್ಟೆಯಂಗಡಿಯವನು ತನ್ನ ಸಗಟು ವ್ಯಾಪಾರಿಯನ್ನು, “ಸ್ವಾಮಿ, ಈ ತಿಂಗಳ ಲೆಕ್ಕ ಏರಿಸಿದಿರಾ?” ಎಂದು ತಾನೇ ವಿಚಾರಿಸುತ್ತಾನೆ. ಅಧಿಕಾರಿಯ ಹತ್ತು ಪತ್ರಗಳಿಂದ ಆಗದ ಕೆಲಸ ಗಿರಾಕಿಯ ಒಂದು ಮಾತಿನಿಂದ ಆಗುತ್ತದೆ.

ಮೂರನೆಯದು ಸೌಕರ್ಯ. 2017ನೆಯ ಆಗಸ್ಟಿನಲ್ಲಿ ಮೊದಲನೆಯ ಗಡುವು ಸಮೀಪಿಸಿದಾಗಲೇ ಪುಟವು ಸ್ತಬ್ಧವಾಗಿ, ಗಡುವನ್ನು ಮುಂದೂಡಬೇಕಾಯಿತು. ಅನಂತರ ಕೆಲವು ಸುಧಾರಣೆಗಳಾದವು. 2020ನೆಯ ಜೂನ್ ತಿಂಗಳಿನಿಂದ, ವ್ಯಾಪಾರವೇ ನಡೆಯದ ಅವಧಿಯ ‘ಶೂನ್ಯ’ ಲೆಕ್ಕವನ್ನು ಮೊಬೈಲಿನ ಕಿರುಸಂದೇಶದಿಂದಲೇ ಒಪ್ಪಿಸುವ ಅನುಕೂಲವಾಯಿತು. 2021ನೆಯ ಜನವರಿಯಿಂದ, ವರ್ಷಕ್ಕೆ 5 ಕೋಟಿ ರೂಪಾಯಿಯವರೆಗೆ ವಹಿವಾಟುಳ್ಳವರು ತೆರಿಗೆಯನ್ನು ತಿಂಗಳು ತಿಂಗಳು ಕಟ್ಟುತ್ತ, ಲೆಕ್ಕವನ್ನು ಮಾತ್ರ ಮೂರು ತಿಂಗಳಿಗೊಮ್ಮೆ ಸಲ್ಲಿಸಬಹುದಾಯಿತು.

ಇವು ಮೂರೂ ಇದ್ದು ನಾಲ್ಕನೆಯದಾದ ವಿಶ್ವಾಸವಿಲ್ಲದಿದ್ದರೆ ಎಲ್ಲವೂ ವ್ಯರ್ಥ. ಇದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನವುಂಟು. 2025ನೆಯ ಜುಲೈಯಲ್ಲಿ, ಯು.ಪಿ.ಐ. ಮೂಲಕ ಬಂದ ಹಣದ ಮೊತ್ತವನ್ನು ಆಧಾರವಾಗಿಟ್ಟುಕೊಂಡು ವಾಣಿಜ್ಯ ತೆರಿಗೆಗಳ ಇಲಾಖೆಯು ಅನೇಕ ಚಿಕ್ಕ ವ್ಯಾಪಾರಿಗಳಿಗೆ ನೋಟೀಸು ಕಳುಹಿಸಿತು. ಸರಕು ಮಾರುವವರಿಗೆ 40 ಲಕ್ಷ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿಯ ವಾರ್ಷಿಕ ವಹಿವಾಟು ಮೀರಿದರೆ ನೋಂದಣಿ ಆಗತಕ್ಕದ್ದೆಂಬುದು ನಿಯಮವೇ ಸರಿ. ಆದರೆ ತೆರಿಗೆಯೇ ಇಲ್ಲದ ಹಾಲು, ತರಕಾರಿ ಮಾರುವವರಿಗೂ ಕಾಗದ ಹೋದಾಗ ಎಲ್ಲರಿಗೂ ದಿಗಿಲಾಯಿತು. ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂ.ಆರ್. ಚೀಟಿ ಮಾಯವಾಗಿ, ‘ನಗದು ಮಾತ್ರ’ ಎಂಬ ಫಲಕ ಕಾಣಿಸಿತು. ಆ ತಿಂಗಳಲ್ಲಿಯೇ ಮುಖ್ಯಮಂತ್ರಿಗಳು ವರ್ತಕರ ಪ್ರತಿನಿಧಿಗಳೊಡನೆ ಮಾತನಾಡಿ, ಹಳೆಯ ಬಾಕಿಯನ್ನು ವಸೂಲು ಮಾಡುವುದಿಲ್ಲ, ಮುಂದೆ ನೋಂದಾಯಿಸಿಕೊಳ್ಳಿರೆಂದು ಭರವಸೆಯಿತ್ತರು. ತಿಳಿವಳಿಕೆ ಮೊದಲು, ನೋಟೀಸು ಆಮೇಲೆ ಎಂಬ ಕ್ರಮವನ್ನು ಅನುಸರಿಸಿದ್ದರೆ ಇಷ್ಟು ಕಳವಳವೇ ಇರುತ್ತಿರಲಿಲ್ಲ.

ಹೂವು ನೋಯದಂತೆ ದುಂಬಿಯು ಮಕರಂದವನ್ನು ಹೀರುವ ಹಾಗೆ ಅರಸನು ಕರವನ್ನೆತ್ತಬೇಕೆಂಬುದು ನಮ್ಮ ಪೂರ್ವಿಕರ ರಾಜನೀತಿ. ಯಂತ್ರ ಬಂದ ಮಾತ್ರಕ್ಕೆ ಆ ನೀತಿ ಹಳತಾಗದು. ಕನ್ನಡದಲ್ಲಿ ಉತ್ತರ ಹೇಳುವ ಮನುಷ್ಯನೊಬ್ಬನು ಪುಟದ ಹಿಂದೆ ಇದ್ದಾನೆಂದು ಕಂಡರೆ ಕಿರಾಣಿಯಂಗಡಿಯವನು ತಾನಾಗಿಯೇ ಮುಂದೆ ಬಂದಾನು. ಗೃಹಸ್ಥರ ಕರ್ತವ್ಯವೂ ಒಂದುಂಟು: ‘ಬಿಲ್ಲು ಬೇಡ, ಬೆಲೆ ಇಳಿಸಿ’ ಎಂದು ಚೌಕಾಶಿ ಮಾಡದೆ ಬಿಲ್ಲನ್ನು ಕೇಳಿ ಪಡೆಯುವುದು. ಪ್ರಾಮಾಣಿಕನಾದ ವರ್ತಕನಿಗೆ ನಾವು ಮಾಡಬಹುದಾದ ದೊಡ್ಡ ಸಹಾಯ ಅದೇ.