ಹೊಂಗೆ ಕಾಯಿ ಬಿಡಿಸಿ, ಒಣಗಿಸಿ, ಆಮೇಲೆ ಗಾಣಕ್ಕೆ ತನ್ನಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಬಂಧುಗಳೆ,

ಬೇಸಿಗೆಯಲ್ಲಿ ನಮ್ಮ ಬದುಗಳ ಮೇಲೆ, ಕೆರೆ ಏರಿಯ ಮೇಲೆ ಹೊಂಗೆ ಕಾಯಿ ಒಣಗಿ ಉದುರುತ್ತದೆ. ಆಯದೆ ಬಿಟ್ಟದ್ದು ಮುಂಗಾರಿನ ಮಳೆಗೆ ಸಿಕ್ಕು ಅಲ್ಲೇ ಮೊಳೆಯುತ್ತದೆ, ಇಲ್ಲವೇ ಕೊಳೆಯುತ್ತದೆ. ಇನ್ನಷ್ಟು ಮರ ನೆಡಿ ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಆ ಮಾತು ಬೇಕಾದಷ್ಟಾಗಿದೆ. ಇರುವ ಕಾಯಿಯಿಂದ ಎಣ್ಣೆ ತೆಗೆಯುವಾಗ ದಂಡವಾಗುವ ಡೀಸೆಲ್, ಕರೆಂಟಿನ ಬಗ್ಗೆ ನನ್ನ ಮನವಿ.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯ 2007ರಲ್ಲಿ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಪಾರ್ಕ್ ಆರಂಭಿಸಿತು. ಹೊಂಗೆ, ಹಿಪ್ಪೆ, ಬೇವು, ಸಿಮರೂಬ ಸಸಿಗಳು ಬದುಗಳಿಗೆ ಬಂದವು, ಹಳ್ಳಿಗಳಲ್ಲಿ ರೈತರ ಸಂಘಗಳಾದವು. ಅದಕ್ಕೂ ಮೊದಲೇ ಪಕ್ಕದ ಮಂಡ್ಯ ಜಿಲ್ಲೆಯ ಕಗ್ಗನಹಳ್ಳಿಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಉಡುಪಿ ಶ್ರೀನಿವಾಸ ಅವರು ಹೊಂಗೆಣ್ಣೆಯಲ್ಲಿ ಜನರೇಟರ್ ಓಡಿಸಿ, ಕೊಳವೆಬಾವಿಯ ನೀರೆತ್ತಿಸಿ ತೋರಿಸಿದ್ದರು. ಹಾಗಾಗಿ ಆಗುತ್ತದೋ ಇಲ್ಲವೋ ಎಂಬ ಚರ್ಚೆ ಹಳೆಯದು. ಎಷ್ಟು ಖರ್ಚಿಗೆ ಎಷ್ಟು ಎಣ್ಣೆ ಎಂಬುದನ್ನು ಮಾತ್ರ ನಾವು ಕೂತು ನೋಡಿಲ್ಲ.

ಹೊಂಗೆ ಕಾಯಿಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಸಿಪ್ಪೆ. ಒಂದು ಲೀಟರ್ ಎಣ್ಣೆಗೆ ಸುಮಾರು 4 ಕೆಜಿ ಬೀಜ ಬೇಕು. ಅಂದರೆ ಒಂದು ಟನ್ ಕಾಯಿ ಕೊನೆಗೆ ಕೊಡುವುದು 125 ಲೀಟರ್ ಆಸುಪಾಸು. ಕಾಯಿ ಹಗುರ, ಗಾಡಿ ತುಂಬಿದರೂ ಟನ್ ತೂಗದು. ಹೀಗೆ ಎರಡು ಮೂರು ಸಲ ಓಡಿದರೆ ಲಾಭದ ಎಣ್ಣೆ ಗಾಡಿಯ ಟ್ಯಾಂಕಿಗೇ ಹೋಯಿತು. ಅದಕ್ಕೇ ಕೇಳುವುದು: ಮನೆಯಂಗಳದಲ್ಲೇ ಬಡಿದು ಬಿಡಿಸಿ, ಬೀಜ ಮಾತ್ರ ಮೂಟೆ ಕಟ್ಟಿ. ಸಿಪ್ಪೆ ನಿಮ್ಮ ಒಲೆಗೆ ಆಗುತ್ತದೆ.

ಒಣಗಿಸುವುದರಲ್ಲಂತೂ ದಯವಿಟ್ಟು ಉದಾಸೀನ ಬೇಡ. ಹಸಿ ಬೀಜ ಗಾಣದ ಎಕ್ಸ್‌ಪೆಲ್ಲರಿನೊಳಗೆ ಹಿಟ್ಟಾಗಿ ಅಂಟಿಕೊಳ್ಳುತ್ತದೆ, ಮೋಟಾರ್ ತಿಣುಕುತ್ತದೆ, ಅದನ್ನೇ ಮತ್ತೆ ಮತ್ತೆ ಹಾಕಿ ಹಿಂಡಬೇಕು. ಅಷ್ಟು ಮಾಡಿದರೂ ಎಣ್ಣೆ ಹಿಂಡಿಯಲ್ಲೇ ಉಳಿಯುತ್ತದೆ. ಮುಗ್ಗಿದ ಬೀಜದ ತೊಂದರೆ ಇನ್ನೂ ಮುಂದಿನದು: ಎಣ್ಣೆಯಲ್ಲಿ ಆಮ್ಲ ಹೆಚ್ಚಿ, ಬಯೋಡೀಸೆಲ್ ಮಾಡಲು ಕ್ಷಾರ ಬೆರೆಸಿದಾಗ ಒಂದು ಪಾಲು ಸಾಬೂನಾಗಿಬಿಡುತ್ತದೆ. ಮತ್ತೆ ಕಾಯಿಸು, ಮತ್ತೆ ತೊಳೆ. ಚೈತ್ರ-ವೈಶಾಖದ ಬಿಸಿಲು ನಮ್ಮ ಕಣದಲ್ಲಿ ಬಿಟ್ಟಿಯಾಗಿ ಸಿಗುವಾಗ ಈ ಖರ್ಚು ಯಾಕೆ?

ಹಾಲಿನ ಡೇರಿ ಸಂಘಗಳಿಗೂ ಒಂದು ಮಾತು. ತಕ್ಕಡಿ, ಲೆಕ್ಕದ ಪುಸ್ತಕ, ಜನರ ನಂಬಿಕೆ ಮೂರೂ ನಿಮ್ಮಲ್ಲಿವೆ. ಸುಗ್ಗಿಯ ಎರಡು ತಿಂಗಳು ಬೀಜದ ಮೂಟೆ ಇಡಲು ಒಂದು ಮೂಲೆ ಕೊಡಿ. ನಾಲ್ಕೈದು ಊರಿನದು ಕೂಡಿದಾಗ ಒಂದೇ ಗಾಡಿ ಸಾಕು. ಅದೇ ಗಾಡಿ ಹಿಂಡಿ ಹೇರಿಕೊಂಡು ವಾಪಸ್ ಬರಲಿ, ಚನ್ನರಾಯಪಟ್ಟಣದ ತೆಂಗಿನ ತೋಟಕ್ಕೆ, ಹಾಸನದ ಆಲೂಗಡ್ಡೆ ಹೊಲಕ್ಕೆ ಗೊಬ್ಬರವಾಗುತ್ತದೆ. (ಕಹಿ ಹಿಂಡಿ, ದನಕ್ಕೆ ಹಾಕಬೇಡಿ.)

ಇನ್ನು ಗಾಣದ ಕರೆಂಟಿನ ಲೆಕ್ಕ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲಿಯಂ ಪೈಪ್‌ಲೈನ್ ಹೋಗಿದೆ. ಆ ಎಣ್ಣೆಯನ್ನು ಘಟ್ಟ ಹತ್ತಿಸುವ ಪಂಪುಗಳಿಗೆ ಮೀಟರ್ ಇದ್ದೇ ಇರುತ್ತದೆ. ನಮ್ಮ ಸಣ್ಣ ಗಾಣಗಳಿಗೆ ಒಂದು ಲೀಟರಿಗೆ ಎಷ್ಟು ಯೂನಿಟ್ ಎಂದು ಬರೆದಿಡುವವರು ಬೇಕು. ಹಾಸನದ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ ಇಲ್ಲಿದೆ: ಒಂದು ಮೀಟರ್ ಹಾಕಿ, ಸವೆದ ಸ್ಕ್ರೂ, ಸಡಿಲ ಬೆಲ್ಟ್, ಅಗತ್ಯಕ್ಕಿಂತ ದೊಡ್ಡ ಮೋಟಾರ್ ಎಷ್ಟು ತಿನ್ನುತ್ತವೆ ಎಂದು ಅಳೆದು, ಫಲಿತಾಂಶವನ್ನು ಕನ್ನಡದಲ್ಲಿ ಗಾಣದ ಗೋಡೆಗೆ ಅಂಟಿಸಿ.

ಇಷ್ಟೆಲ್ಲ ರೈತರ ತಲೆಗೇ ಕಟ್ಟುವುದು ನ್ಯಾಯವಲ್ಲ. ದರ ಗೊತ್ತಿಲ್ಲದೆ ಕಾಯಿ ಆಯಲು ಯಾರು ಬಗ್ಗುತ್ತಾರೆ? ರಾಜ್ಯ ಜೈವಿಕ ಇಂಧನ ಮಂಡಳಿ ಕಾಯಿ ಬಲಿಯುವ ಮೊದಲೇ, ಸಂಕ್ರಾಂತಿಯ ಹೊತ್ತಿಗೆ ಬೀಜದ ದರ ಸಾರಬೇಕು. ಒಣ ಬೀಜಕ್ಕೆ ಒಂದು ದರ, ಹಸಿಗೆ ಅದಕ್ಕಿಂತ ಕಡಿಮೆ. ಮುಂದಿನ ಗ್ರಾಮಸಭೆಯಲ್ಲಿ ಈ ಬೇಡಿಕೆಯನ್ನು ನಿರ್ಣಯವಾಗಿ ಬರೆಸಿ, ಅದರ ಒಂದು ಪ್ರತಿಯನ್ನು ಜಿಲ್ಲಾಧಿಕಾರಿಗೆ, ಇನ್ನೊಂದನ್ನು ಮಡೆನೂರಿಗೆ ಕಳಿಸಿ.