ಕೊಟ್ಟ ಮಾತಿನ ಬೆಲೆ

ಒಲೆಯ ಮುಂದೆ ಕುಳಿತು, ಊದುಕೊಳವೆಯಿಂದ ಕೆಂಡ ಊದಿ, ಹೊಗೆಗೆ ಕಣ್ಣೊರೆಸಿಕೊಳ್ಳುತ್ತಾ ಅಡುಗೆ ಮಾಡಿದ ತಾಯಂದಿರ ನೆನಪು ನಮ್ಮಲ್ಲಿ ಅನೇಕರಿಗೆ ಇನ್ನೂ ಮಾಸಿಲ್ಲ. ಗ್ಯಾಸ್ ಸಿಲಿಂಡರ್ ಬಂದ ಮನೆಗಳಿಗೆ ಅದು ಹಳೆಯ ಕಥೆಯಾಗಿರಬಹುದು. ಆದರೆ ಜಗತ್ತಿನಲ್ಲಿ ಇಂದಿಗೂ ಸುಮಾರು 200 ಕೋಟಿ ಜನರ ಅನ್ನ ಬೇಯುವುದು ಸೌದೆ, ಸಗಣಿ, ಇದ್ದಿಲುಗಳ ಹೊಗೆಯ ನಡುವೆಯೇ. ಮನೆಯೊಳಗಿನ ಈ ಹೊಗೆಯಿಂದ 2020ರಲ್ಲಿ 32 ಲಕ್ಷ ಮಂದಿ ಅಸುನೀಗಿದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. 2022ರಲ್ಲಿ ವಿದ್ಯುತ್ತಿನ ಬೆಳಕನ್ನೇ ಕಾಣದವರು 68 ಕೋಟಿಗೂ ಮಿಗಿಲಾಗಿದ್ದರು. ಅವರಲ್ಲಿ ಬಹುಪಾಲು ಜನ ಆಫ್ರಿಕಾ ಖಂಡದವರು.

ಈ ಬಡ ರಾಷ್ಟ್ರಗಳಿಗೆ ಬೆಳಕು ಬೇಕು. ಆದರೆ ಶ್ರೀಮಂತ ರಾಷ್ಟ್ರಗಳು ತುಳಿದ ಕಲ್ಲಿದ್ದಲಿನ ಹಾದಿಯನ್ನೇ ಅವೂ ತುಳಿದರೆ ಭೂಮಿ ತಾಳಲಾರದು. ಸೂರ್ಯ, ಗಾಳಿಗಳಿಂದ ವಿದ್ಯುತ್ ಪಡೆಯಲು ಮೊದಲೇ ದೊಡ್ಡ ಬಂಡವಾಳ ಹೂಡಬೇಕು. ಅದು ಅವುಗಳ ಬಳಿ ಇಲ್ಲ. ಆದುದರಿಂದಲೇ 2009ರಲ್ಲಿ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಶ್ರೀಮಂತ ರಾಷ್ಟ್ರಗಳು ಒಂದು ಮಾತು ಕೊಟ್ಟವು: 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ. ಆ ಮಾತು ಮೊದಲ ಬಾರಿಗೆ ಈಡೇರಿದ್ದು 2022ರಲ್ಲಿ. ಅದರಲ್ಲಿಯೂ ಬಹುಪಾಲು ಹಣ ಬಂದದ್ದು ನೆರವಾಗಿ ಅಲ್ಲ, ಸಾಲವಾಗಿ. 2024ರಲ್ಲಿ ಬಾಕು ನಗರದಲ್ಲಿ ಸೇರಿದ ಸಮ್ಮೇಳನ ಈ ಮೊತ್ತವನ್ನು 2035ರೊಳಗೆ ವರ್ಷಕ್ಕೆ 30,000 ಕೋಟಿ ಡಾಲರಿಗೆ ಏರಿಸಲು ಒಪ್ಪಿತು. ಇದು ಏನೇನೂ ಸಾಲದೆಂದು ಭಾರತದ ಪ್ರತಿನಿಧಿಗಳು ಸಭೆಯಲ್ಲಿಯೇ ಪ್ರತಿಭಟಿಸಿದರು.

ನೆರೆಮನೆಯವನು ಹಚ್ಚಿದ ಬೆಂಕಿ ನಮ್ಮ ಸೂರಿಗೆ ತಗುಲಿದಾಗ, ಅದನ್ನು ಆರಿಸುವ ನೀರನ್ನು ಅವನಿಂದಲೇ ಬಡ್ಡಿಗೆ ಪಡೆಯಬೇಕೇ? ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರಲ್ಲಿ ಹೊರಡಿಸಿದ ‘ಲೌದಾತೊ ಸೀ’ ವಿಶ್ವಪರಿಪತ್ರದಲ್ಲಿ ಈ ವಿಷಯವನ್ನು ಮುಚ್ಚುಮರೆಯಿಲ್ಲದೆ ಎತ್ತಿದರು. ಬಡ ರಾಷ್ಟ್ರಗಳು ಶ್ರೀಮಂತರಿಗೆ ತೆರಬೇಕಾದ ಸಾಲದ ಲೆಕ್ಕ ಮಾತ್ರ ಲೋಕದ ಕಣ್ಣಿಗೆ ಬೀಳುತ್ತದೆ. ಪ್ರಕೃತಿಯ ವಿಷಯದಲ್ಲಿ ಶ್ರೀಮಂತರೇ ಬಡವರಿಗೆ ಸಾಲಗಾರರಾಗಿದ್ದಾರೆಂಬುದು ಅವರ ವಾದದ ತಿರುಳು. ಹೀಗೆ ನೋಡಿದಾಗ ಈ ನೆರವು ಭಿಕ್ಷೆಯಲ್ಲ, ನ್ಯಾಯ.

ರಾಷ್ಟ್ರಗಳು ಒಂದಾಗುವುದು ಬರೀ ಕನಸೆಂದು ಹೇಳುವವರಿದ್ದಾರೆ. ಅವರು 1987ರ ಮಾಂಟ್ರಿಯಲ್ ಒಪ್ಪಂದವನ್ನು ನೆನೆಯಬೇಕು. ಓಜೋನ್ ಪದರವನ್ನು ಕೊರೆಯುತ್ತಿದ್ದ ಅನಿಲಗಳನ್ನು ಕೈಬಿಡಲು ಅಂದು ರಾಷ್ಟ್ರಗಳು ಒಪ್ಪಿದವು. ಬಡ ರಾಷ್ಟ್ರಗಳ ಖರ್ಚಿಗೆಂದು ಶ್ರೀಮಂತರ ಹಣದಿಂದ ಒಂದು ನಿಧಿಯೂ ಸ್ಥಾಪನೆಯಾಯಿತು. ಕ್ರಮೇಣ ವಿಶ್ವಸಂಸ್ಥೆಯ ಎಲ್ಲ ಸದಸ್ಯ ರಾಷ್ಟ್ರಗಳೂ ಅದನ್ನು ಅಂಗೀಕರಿಸಿದವು. ಇಂದು ಆ ಪದರ ಚೇತರಿಸಿಕೊಳ್ಳುತ್ತಿದೆ. ಕೊಡಬೇಕಾದವರು ಕೊಟ್ಟಾಗ ಒಪ್ಪಂದಗಳು ಫಲ ನೀಡುತ್ತವೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಆದರೆ ಹೊರಗಿನವರಿಂದ ನ್ಯಾಯ ಕೇಳುವ ನಾವು ಮನೆಯೊಳಗೂ ಅದನ್ನು ಪಾಲಿಸಬೇಡವೇ? 2015ರಲ್ಲಿ ಪ್ಯಾರಿಸ್ಸಿನಲ್ಲಿ ಫ್ರಾನ್ಸಿನೊಡನೆ ಅಂತರರಾಷ್ಟ್ರೀಯ ಸೌರ ಒಕ್ಕೂಟಕ್ಕೆ ನಾಂದಿ ಹಾಡಿದ ಹೆಮ್ಮೆ ಭಾರತದ್ದು. ನಮ್ಮ ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನ ತಲೆಯೆತ್ತಿದೆ. ಬರದ ನಾಡಿನ ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ. ಆದರೆ ಗುತ್ತಿಗೆಯ ಹಣ ಸೇರುವುದು ಜಮೀನುಳ್ಳವರಿಗೆ. ಅದೇ ಹೊಲಗಳಲ್ಲಿ ದುಡಿದು ಬದುಕುತ್ತಿದ್ದ ಭೂರಹಿತ ಕೂಲಿಕಾರರ ಪಾಲಿಗೆ ಕೆಲಸವೂ ಹೋಯಿತು, ಗುತ್ತಿಗೆಯ ಹಣವೂ ಇಲ್ಲ. ಬಾಕುವಿನಲ್ಲಿ ಬಡ ರಾಷ್ಟ್ರಗಳಿಗಾಗಿ ಎತ್ತಿದ ದನಿ ಈ ಕೂಲಿಕಾರರಿಗಾಗಿಯೂ ಏಳಬೇಕಾಗಿದೆ.

ಇದೆಲ್ಲ ಸರಕಾರಗಳ ಕೆಲಸವೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಮತ ಕೇಳಲು ಬಂದವರನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಅನಗತ್ಯವಾಗಿ ಉರಿಯುವ ದೀಪವನ್ನು ಆರಿಸುವ ಕೈಯೂ ನಮ್ಮದೇ. ಮಾತು ಕೊಟ್ಟವರು ಮಾತು ಉಳಿಸಿಕೊಳ್ಳಬೇಕು ಎಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ರಾಷ್ಟ್ರಗಳಿಗೆ ಬೇರೆ ನೀತಿ ಇರಲಾರದು.