ಪ್ರಕೃತಿ ಪಾಠಕ್ಕೆ ಎಲ್ಲಿಗೆ ಹೋಗಬೇಕು?

ವರ್ಷಂಪ್ರತಿ ಮಳೆಗಾಲ ಕಳೆದು ಬಿಸಿಲು ಬೀಳುವ ಹೊತ್ತಿಗೆ, ನಮ್ಮ ಪ್ರಾಥಮಿಕ ತರಗತಿಗಳ ಬಾಲಿಕೆಯರನ್ನು ವಿಜ್ಞಾನ ಪ್ರವಾಸಕ್ಕೆ ಎಲ್ಲಿಗೆ ಕರೆದೊಯ್ಯಬೇಕೆಂಬ ಪ್ರಶ್ನೆಯು ಉಪಾಧ್ಯಾಯಿನಿಯರ ಮುಂದೆಯೂ ಪೋಷಕರ ಮುಂದೆಯೂ ಬರುತ್ತದೆ. ಹೆಚ್ಚಿನವರ ಉತ್ತರವು ಒಂದೇ: ಬಸ್ಸು ಗೊತ್ತುಮಾಡಿ ಮೈಸೂರಿನ ಮೃಗಾಲಯಕ್ಕೋ ಮಂಗಳೂರಿನ ಪಿಲಿಕುಳಕ್ಕೋ ಹೋಗಿಬರುವುದು. ಅಲ್ಲಿ ಹುಲಿಯನ್ನು ಕಂಡು ಮಕ್ಕಳು ಹಿಗ್ಗುತ್ತಾರೆ. ಅದನ್ನು ನಾವು ಹಳಿಯುವವರಲ್ಲ. ಆದರೆ ಪ್ರಾಣಿಗಳು ಹೇಗೆ ಬದುಕಿ ಉಳಿಯುತ್ತವೆಂಬ ಪಾಠಕ್ಕಾಗಿ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಮಕ್ಕಳು ಅಷ್ಟು ದೂರ ಹೋಗಬೇಕಾದುದಿಲ್ಲವೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಪಂಜರದ ಪ್ರಾಣಿಗೆ ಹೊತ್ತಿಗೆ ಸರಿಯಾಗಿ ಆಹಾರ ಸಿಗುತ್ತದೆ. ಅದಕ್ಕೆ ಶತ್ರುವಿನ ಭಯವಿಲ್ಲ. ನೀರನ್ನು ಅರಸಿ ಅಲೆಯುವ ಶ್ರಮವಿಲ್ಲ. ಆದುದರಿಂದ ಮಗುವು ಅದರ ಹೆಸರನ್ನೂ ಬಣ್ಣವನ್ನೂ ತಿಳಿಯಬಹುದೇ ಹೊರತು ಅದರ ಬಾಳುವೆಯನ್ನು ತಿಳಿಯಲಾರದು. ಪ್ರಾಣಿಯ ಹೆಸರಿಗಿಂತ ಮೊದಲು ಅದರ ನೆಲೆಯನ್ನು ಕಲಿಸಬೇಕು. ಆ ನೆಲೆ ನಮ್ಮ ಮನೆಯಂಗಳದಿಂದಲೇ ಆರಂಭವಾಗುತ್ತದೆ.

ಅಡಿಕೆ ತೋಟದಲ್ಲಿರುವ ಹಾರುವ ಓತಿಯನ್ನು ನೋಡೋಣ. ಅದರ ಬಣ್ಣವು ಮರದ ಬಣ್ಣದೊಡನೆ ಬೆರೆತುಹೋಗುವುದರಿಂದ, ತೋಟದಲ್ಲಿಯೇ ಬೆಳೆದವರೂ ಅದನ್ನು ಕಾಣದೆ ಹೋಗುವುದುಂಟು. ಅದರ ರೆಕ್ಕೆಯು ಹಕ್ಕಿಯ ರೆಕ್ಕೆಯಲ್ಲ. ಉದ್ದವಾಗಿ ಬೆಳೆದ ಪಕ್ಕೆಲುಬುಗಳ ಮೇಲೆ ಹರಡಿದ ತೆಳುವಾದ ತೊಗಲು. ಅದನ್ನು ಕೊಡೆಯಂತೆ ಬಿಡಿಸಿ ಮರದಿಂದ ಮರಕ್ಕೆ ತೇಲಿಹೋಗುತ್ತದೆ. ಇರುವೆಗಳೇ ಅದರ ಮುಖ್ಯ ಆಹಾರ. ಹೆಣ್ಣು ಓತಿಯು ನೆಲಕ್ಕಿಳಿದು ಮಣ್ಣಿನಲ್ಲಿ ಮೊಟ್ಟೆಯಿಡುತ್ತದೆ. ಇಷ್ಟನ್ನು ಕಣ್ಣಾರೆ ಕಂಡ ಹತ್ತು ವರ್ಷದ ಬಾಲಿಕೆಯು ತಾನಾಗಿಯೇ ಕೇಳುವಳು: ನಡುವಣ ಮರಗಳನ್ನು ಕಡಿದರೆ ಅದು ಹೇಗೆ ದಾಟೀತು? ಮದ್ದು ಹೊಡೆದು ಇರುವೆಗಳನ್ನೆಲ್ಲ ಕೊಂದರೆ ಏನು ತಿಂದೀತು? ಈ ಪ್ರಶ್ನೆಗಳಿಗಿಂತ ಉತ್ತಮವಾದ ವಿಜ್ಞಾನ ಪಾಠವನ್ನು ನಾವು ಅರಿಯೆವು.

ತೋಟದಿಂದ ಕಾಡಿನ ಕಡೆಗೆ ತಿರುಗಿದರೆ ಮಂಗಟ್ಟೆ ಹಕ್ಕಿಯುಂಟು. ಹೆಣ್ಣು ಮಂಗಟ್ಟೆಯು ಹಳೆಯ ದೊಡ್ಡ ಮರದ ಪೊಟರೆಯೊಳಗೆ ಕುಳಿತು, ಬಾಯಿಯನ್ನು ಮುಚ್ಚಿ, ಕೊಕ್ಕು ಹಿಡಿಯುವಷ್ಟೇ ಸೀಳನ್ನು ಬಿಟ್ಟುಕೊಳ್ಳುತ್ತದೆ. ಗಂಡು ಆ ಸೀಳಿನ ಮೂಲಕ ಹಣ್ಣುಗಳನ್ನು ತಂದುಣಿಸುತ್ತದೆ. ಕಾಡಿನಲ್ಲಿ ಹಣ್ಣು ಎಷ್ಟಿದ್ದರೂ ಪೊಟರೆಯುಳ್ಳ ಮುದಿಮರವಿಲ್ಲದಿದ್ದರೆ ಮರಿಯಾಗದು. ಪ್ರಯೋಜನವಿಲ್ಲದ ಟೊಳ್ಳು ಮರವೆಂದು ನಾವು ಕಡಿಯುವುದು ಇನ್ನೊಂದು ಜೀವಿಯ ಬಾಣಂತಿ ಕೋಣೆಯಾಗಿರಬಹುದು.

ಸುಳ್ಯ ತಾಲೂಕಿನ ತೊಡಿಕಾನದಲ್ಲಿ ಮಲ್ಲಿಕಾರ್ಜುನ ದೇವಸ್ಥಾನದ ಸಮೀಪದ ಮತ್ಸ್ಯತೀರ್ಥವನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿರುವರು. ಅಲ್ಲಿಯ ದೊಡ್ಡ ಮಹಶೀರ್ ಮೀನುಗಳು ಉಳಿದಿರುವುದಕ್ಕೆ ಕಾರಣಗಳೆರಡು: ಹರಿಯುವ ಶುದ್ಧವಾದ ನೀರು, ಹಿಡಿಯಬಾರದೆಂಬ ಊರವರ ಕಟ್ಟಳೆ. ಅದೇ ರೀತಿಯ ಕಟ್ಟಳೆಯಿಂದ ನಾಗಬನಗಳಲ್ಲಿ ಹಳೆಯ ಮರಬಳ್ಳಿಗಳು ಉಳಿದುಬಂದವು. ಈಚೆಗೆ ಕೆಲವೆಡೆ ಮರಗಳನ್ನು ತೆಗೆದು ನೆಲಕ್ಕೆ ಸಿಮೆಂಟು ಹಾಕಿಸುತ್ತಾರೆ. ಕಟ್ಟೆಯು ಉಳಿಯಿತು, ಹಾವಿನ ಮನೆ ಹೋಯಿತು. ಇದನ್ನು ಕಂಡು ಮಕ್ಕಳು ಕಲಿಯುವುದು ಬಹಳವಿದೆ.

ಇದು ಹೊಸ ಮಾತೇನಲ್ಲ. 1936ರಲ್ಲಿ ‘ಬಾಲ ಪ್ರಪಂಚ’ವನ್ನು ಮಕ್ಕಳ ಕೈಗಿತ್ತ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿದ್ದುಕೊಂಡೇ ಶಿಕ್ಷಣದ ಪ್ರಯೋಗಗಳನ್ನು ನಡೆಸಿದರು. ಪುಷ್ಪಗಿರಿಯ ಅಭಯಾರಣ್ಯವು 2012ರಲ್ಲಿ ಪಶ್ಚಿಮ ಘಟ್ಟದ ಇತರ ಕಾಡುಗಳೊಡನೆ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಆ ಬೆಟ್ಟಗಳ ನೀರನ್ನೇ ಕುಮಾರಧಾರೆಯು ಸುಬ್ರಹ್ಮಣ್ಯದ ಮಾರ್ಗವಾಗಿ ತಂದು ಉಪ್ಪಿನಂಗಡಿಯಲ್ಲಿ ನೇತ್ರಾವತಿಗೆ ಕೂಡಿಸುತ್ತದೆ. ಲೋಕವೇ ಬೆಲೆಕಟ್ಟಿದ ಕಾಡಿನ ನೀರನ್ನು ನೋಡುತ್ತ ಬೆಳೆಯುವ ಮಕ್ಕಳಿಗೆ ಅದರ ಅರಿವಿಲ್ಲದಿರುವುದು ತರವಲ್ಲ.

ಪೋಷಕರ ಆಕ್ಷೇಪಗಳನ್ನು ನಾವು ಬಲ್ಲೆವು. ಪಾಠದ ದಿನ ವ್ಯರ್ಥವಾಗುವುದೆಂದೂ, ಹಾವು ಜಿಗಣೆಗಳ ಭಯವೆಂದೂ, ಹೆಣ್ಣುಮಕ್ಕಳಿಗೆ ಇದೆಲ್ಲ ಯಾಕೆಂದೂ ಕೇಳುವುದುಂಟು. ಚಿಕ್ಕ ಗುಂಪುಗಳಲ್ಲಿ, ದಾರಿ ಬಲ್ಲವರೊಡನೆ, ಹಗಲು ಹೊತ್ತಿನಲ್ಲಿ, ಏನನ್ನೂ ಹಿಡಿಯದೆ ಕೀಳದೆ ನಡೆದರೆ ಭಯಕ್ಕೆ ಆಸ್ಪದ ಕಡಿಮೆ. ಹೆಣ್ಣುಮಕ್ಕಳ ವಿಷಯವಾದರೋ, ನಾಳೆ ಈ ತೋಟಗಳನ್ನು ನೋಡಿಕೊಂಡು, ಯಾವ ಮರ ಉಳಿಯಬೇಕು, ಯಾವುದು ಉರುಳಬೇಕು ಎಂದು ಹೇಳುವವರು ಇವರೇ.

ಆದರೆ ಒಂದು ಆಕ್ಷೇಪವನ್ನು ಲಘುವಾಗಿ ಎಣಿಸಲಾಗದು. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಅಂಥ ಊರಿನ ಮಗುವಿಗೆ ವನ್ಯಜೀವಿಗಳನ್ನು ಪ್ರೀತಿಸೆಂದು ಬೋಧಿಸಿದರೆ ತಾಯಿಯೊಬ್ಬಳು ಮುನಿದುಕೊಂಡರೆ ತಪ್ಪೇನು? ನಾವು ಬೋಧಿಸಬೇಕಾದುದು ಬರಿಯ ಪ್ರೀತಿಯಲ್ಲ, ಅರಿವು. ಬೆಳೆದ ಆನೆಗೆ ದಿನಕ್ಕೆ ಸುಮಾರು 150 ಕಿಲೋಗ್ರಾಂ ಮೇವೂ 100 ಲೀಟರಿಗೂ ಹೆಚ್ಚು ನೀರೂ ಬೇಕು. ಕಾಡು ತುಂಡುತುಂಡಾದಾಗ ಅದು ಬಾಳೆಗೂ ಹಲಸಿಗೂ ತೋಟಕ್ಕೆ ಇಳಿಯುತ್ತದೆ. ಆನೆಯ ದಾರಿ ಯಾವುದು, ಅದು ಓಡಾಡುವ ಹೊತ್ತು ಯಾವುದು, ಎಂಥ ವೇಳೆಯಲ್ಲಿ ಒಂಟಿಯಾಗಿ ನಡೆಯಬಾರದು ಎಂಬುದನ್ನು ಶಾಲೆಯ ಜಗಲಿಯಲ್ಲಿ ನಕ್ಷೆಯನ್ನಿಟ್ಟು ಕಲಿಸಬಹುದು. ಈ ಪಾಠಕ್ಕೆ ಕಾಡಿಗೆ ಹೋಗಬೇಕಾದುದಿಲ್ಲ. ಭಯದಿಂದ ಕಲ್ಲೆಸೆಯುವ ಮಗುವಿಗಿಂತ ತಿಳಿದು ದೂರ ನಿಲ್ಲುವ ಮಗುವು ಸುರಕ್ಷಿತವಾಗಿರುವಳು. ಆನೆಗೂ ಅದರಿಂದ ಒಳ್ಳೆಯದು.

ಕೊನೆಯದಾಗಿ ನಮ್ಮ ಪೂರ್ವ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ನಿಮ್ಮಲ್ಲಿ ಅನೇಕರಿಗೆ ತೋಟಗಳಿವೆ, ತೋಡಿನ ಬದಿಯಲ್ಲಿ ಹಳೆಯ ಮರಗಳಿವೆ. ವರ್ಷದಲ್ಲಿ ಒಂದು ದಿನ ನಿಮ್ಮ ತೋಟದ ಗೇಟನ್ನು ಈ ಚಿಕ್ಕ ಮಕ್ಕಳಿಗಾಗಿ ತೆರೆಯಿರಿ. ಅವರಿಗೆ ಒಂದೊಂದು ಲೋಟ ಪುನರ್ಪುಳಿ ಪಾನಕವನ್ನು ಕೊಟ್ಟರೆ ಇನ್ನೂ ಸಂತೋಷ. ಮತ್ತು ತೋಟದ ಒಂದು ಮೂಲೆಯನ್ನು ಕಳೆ ಸವರದೆ, ಮದ್ದು ಹೊಡೆಯದೆ ಹಾಗೆಯೇ ಬಿಟ್ಟುಬಿಡಿರಿ. ಮುಂದಿನ ವರ್ಷ ಬರುವ ತರಗತಿಗೆ ನೋಡಲು ಏನಾದರೂ ಉಳಿದಿರಬೇಕಷ್ಟೆ.